ಕಾಸುಪಾಚಿಯ ಲೆಕ್ಕ

ಊಟದ ಡಬ್ಬಿ ಮರೆತರೂ ಸರಿ, ಕೊಡೆ ಮರೆಯಬೇಡ
ಅನ್ನುತ್ತಾರೆ ಮತ್ಸುಯೆಯಲ್ಲಿ.
ನಾನು ಎರಡನ್ನೂ ಮರೆತು ಬಂದ ದಿನ
ತೋಟದ ಕದೊವಾಕಿ ಅಜ್ಜ ಮೊಣಕಾಲೂರಿ
ಪ್ರಯೋಗಾಲಯದ ಹಿಂಗೋಡೆ ಕೆರೆಯುತ್ತಿದ್ದ,
ಪಕ್ಕದಲ್ಲಿ ವಿನಿಗರ್ ಬಾಟಲಿ.
‘ಜೆನಿಗೊಕೆ’ ಎಂದ, ಉಗುಳುವ ಹಾಗೆ.
ಕಾಸುಪಾಚಿ. ಹೆಸರಿನಲ್ಲಷ್ಟೇ ಕಾಸು.

ಎರಡು ಗೇಣು ಬಿಟ್ಟುಬಿಡಿ ಎಂದು ತಲೆಬಾಗಿ ಕೇಳಿದೆ.
ಕೆಂಪು ಕಾಳಿನ ಹೂರಣದ ಒಂದು ಉಂಡೆಗೆ
ಒಪ್ಪಂದವಾಯಿತು.

ಗಂಡು ಗಿಡಕ್ಕೂ ಇದೆ ಒಂದು ಕೊಡೆ,
ಉಗುರಿನಷ್ಟಗಲ, ಅಂಗೈಯಂತೆ ಚಪ್ಪಟೆ.
ಅದರ ಮೇಲೆ ಮಳೆಹನಿ ಬಿದ್ದು ಸಿಡಿದರೆ
ಸಿಡಿದಲ್ಲಿಂದ ಮುಂದಕ್ಕೆ ಈಜಬೇಕು ವೀರ್ಯಾಣು,
ಎರಡು ಹುಟ್ಟಿನ ಅಂಬಿಗ.
ಅವನೊಳಗೊಂದು ಕಿಣ್ವ.
ಎಟಿಪಿಯ ಎರಡು ರಂಜಕ ಉದುರಿಸಿ
ಉಳಿದದ್ದನ್ನು ಬಗ್ಗಿಸಿ ಉಂಗುರ ಮಾಡುತ್ತದೆ
(ಸೈಕ್ಲಿಕ್ ಎಎಂಪಿ; ಅರ್ಥ, ಬಹುಶಃ, ‘ಹೊರಡು’)
ಮಾಡಿದ ಕೈಯ ಪಕ್ಕದ ಕೈ
ಅದೇ ಉಂಗುರವನ್ನು ಕತ್ತರಿಸಿ ಹಾಕುತ್ತದೆ.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಂತೆ.
ಇಲ್ಲಿ ಎಡಗೈಗೆ ಬೇರೆ ಕೆಲಸವೇ ಇಲ್ಲ.

ನಾನು ಓದುವಾಗ ಪಠ್ಯದಲ್ಲಿ ಒಂದೇ ಸಾಲು:
ಗಿಡಗಳಲ್ಲಿ ಇದು ಇಲ್ಲ.
ಇದೆ ಎಂದವರನ್ನು ನೋಡಿ ನಕ್ಕರು,
ನೀವು ಅಳೆದದ್ದು ನಿಮ್ಮದೇ ಬೆವರು,
ಇಲ್ಲವೇ ಎಲೆಗಂಟಿದ ಬ್ಯಾಕ್ಟೀರಿಯಾ.
ಅಷ್ಟು ಕಡಿಮೆ. ಮೊದಲೇ ಉಪ್ಪುಪ್ಪಾದ ಶಿಂಜಿ ಸರೋವರದಲ್ಲಿ
ನಿನ್ನೆ ಯಾರೋ ಹಾಕಿಹೋದ ಚಿಟಿಕೆ ಹುಡುಕಿದ ಹಾಗೆ.
ಹುಡುಕಿದೆವು.
ಮೂವತ್ತು ವರ್ಷ ಹುಡುಕಿದವರ ಸೀಸೆ ತೊಳೆದವಳು ನಾನು.

ಈ ವಾರ, ಕತ್ತರಿಸುವ ಕೈ ಮುರಿದ ಸಸಿ ಬಲಿತಿದೆ.
ಒಂದು ಅಮೈನೋ ಆಮ್ಲ ಬದಲು, ಅಷ್ಟೇ.
ಅಂಕಿ ಏರಿತು, ಏರಿತು, ಇಳಿಯಲಿಲ್ಲ.
ಎಲ್ಲರೂ ಪರದೆಯ ಮುಂದೆ ಚಪ್ಪಾಳೆ ತಟ್ಟಿದರು.
ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ.
ಹೊರಡು ಹೊರಡು ಹೊರಡು ಎಂದು
ನಿಲ್ಲದೆ ಹೇಳಿಸಿಕೊಂಡ ಅಂಬಿಗರು
ಗಾಣದೆತ್ತಿನ ಹಾಗೆ ಇದ್ದಲ್ಲೇ ಸುತ್ತುತ್ತಿದ್ದರು.

ಸರೋವರದಂಚಿನ ಒಂಟಿ ಹಳಿಯ ನಿಲ್ದಾಣದಲ್ಲಿ
ಅಪ್ಪನದು ಬಾವುಟ ತೋರುವ ಕೆಲಸ.
ಎತ್ತಿದ್ದನ್ನು ಯಾಕೆ ಇಳಿಸುತ್ತೀಯ,
ಚೆಂದ ಇತ್ತಲ್ಲ, ಎಂದಿದ್ದೆ ಏಳನೇ ವರ್ಷದಲ್ಲಿ.
ಇಳಿಸದಿದ್ದರೆ ಅದು ಬಾವುಟವಲ್ಲ ಮಗು,
ಒಣಹಾಕಿದ ಬಟ್ಟೆ, ಎಂದ.
ಮತ್ತೆ ಊಟ ಮುಗಿಯುವವರೆಗೂ ಮಾತಿಲ್ಲ.

ಸಂಜೆ ಹಿಂಬಾಗಿಲು ತೆರೆದರೆ ಮಳೆ.
ಗೋಡೆಯ ಮೇಲೆ ಉಳಿದಿದ್ದು ಒಂದೇ ಗೇಣು.
‘ಲೆಕ್ಕ ತಪ್ಪಿತು, ಕುಝುಹಾ-ಸಾನ್’
ಎಂದು ತನ್ನ ಕೊಡೆಯನ್ನು ನನ್ನ ಕೈಗಿಟ್ಟು
ಟವೆಲ್ ತಲೆಗೆ ಹಾಕಿ ನಡೆದೇಬಿಟ್ಟ.
ಉಳಿದ ಆ ಗೇಣಿನ ಮೇಲೆ
ಸಣ್ಣ ಸಣ್ಣ ಚಪ್ಪಟೆ ಕೊಡೆಗಳು, ಹನಿಹನಿಗೂ ನಡುಗಿ,
ಮತ್ತೆ ನೆಟ್ಟಗೆ.
ನಾಳೆ ಇನ್ನೊಂದು ಉಂಡೆ ತರಬೇಕು.