ಏಳನೇ ಸೀಸೆ

ಶುಂಠಿಯ ಸಿಪ್ಪೆ ಚಮಚದಲ್ಲಿ ಕೆರೆಯಬೇಕು, ಚಾಕುವಿನಲ್ಲಲ್ಲ.
ಇದನ್ನು ಕಲಿಯಲು ನನಗೆ ಒಂದು ಸೀಸೆ ಹಾಳಾಯಿತು,
ಎಡಗೈ ಹೆಬ್ಬೆರಳೂ ಸ್ವಲ್ಪ.

ಡಾಕ್ಟರು ಬೆಳ್ಯಪ್ಪನ ಹೊಟ್ಟೆ ಒತ್ತಿ ನೋಡಿ
ಕನ್ನಡಕ ತೆಗೆದು ಮೇಜಿನ ಮೇಲಿಟ್ಟ ದಿನದಿಂದ
ನನ್ನ ತಮ್ಮ ಮದುವೆಮನೆಗಳಿಗೆ ಹೋಗುವುದು ಬಿಟ್ಟ.
ಕುಡಿಯಬೇಕು ಅಂತಲ್ಲ ಅಕ್ಕ, ಅಂದ.
ಎಲ್ಲರ ಕೈಯಲ್ಲೂ ಗ್ಲಾಸು.
ನನ್ನ ಕೈಯನ್ನು ಎಲ್ಲಿಡಲಿ?

ಕೊಡಗಿನಲ್ಲಿ ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.
ಕಿತ್ತಳೆ ಜ್ಯೂಸು ಕೊಟ್ಟರೆ ಮಕ್ಕಳ ಸಾಲಿಗೆ ಸೇರಿಸಿದ ಹಾಗೆ,
ನೀರು ಕೊಟ್ಟರೆ ಕಾಯಿಲೆಯ ಸುದ್ದಿ ಊರಿಗೆ ಸಾರಿದ ಹಾಗೆ.
ಇಳಿಯುವಾಗ ಗಂಟಲು ಸುಡಬೇಕು,
ಬೆಳಕಿಗೆ ಹಿಡಿದರೆ ಬ್ರಾಂದಿಯ ಬಣ್ಣವಿರಬೇಕು.
ಇಷ್ಟೇ.

ಮೊದಲನೆಯದನ್ನು ಕುದಿಸಿ ಕುದಿಸಿ ಕಷಾಯ ಮಾಡಿದೆ.
ಎರಡನೆಯದು ಬೆಳಗಾಗುವಷ್ಟರಲ್ಲಿ
ಸೀಸೆಯ ಕತ್ತಿನಲ್ಲಿ ಕಲ್ಲುಸಕ್ಕರೆಯಾಗಿ ಕೂತಿತ್ತು.
ಪಾಕ ಇಳಿಸುವ ಮುಂಚೆ ಅರ್ಧ ನಿಂಬೆ ಹಿಂಡಬೇಕಿತ್ತಂತೆ.
ಸೋಡಾ ಅಂಗಡಿಯ ಉಮ್ಮರ್ ಕಾಕ ಹೇಳಿದರು, ಗೋಲಿ ಒತ್ತುತ್ತಾ,
ಗುಟ್ಟು ಬಿಟ್ಟುಕೊಡುವವರ ಹಾಗೆ ಅತ್ತಿತ್ತ ನೋಡಿ.

ಸೂಜಿಮೆಣಸನ್ನು ಅರೆದು ಹಾಕಿದ ದಿನ
ಮನೆಯವರೆಲ್ಲ ಅಂಗಳದಲ್ಲಿ ನಿಂತು ಕೆಮ್ಮಿದೆವು,
ಪಕ್ಕದ ಮನೆಯ ನಾಯಿಯೂ ಸೀನಿತು.
ಅರೆಯಬಾರದು. ಒಂದೇ ಒಂದು ಗೀರು, ಬೀಜ ಒಳಗೇ ಇರಲಿ.
ಒಲೆ ಆರಿಸಿದ ಮೇಲೆ ಬಿಸಿ ಪಾಕದಲ್ಲಿ ಮುಳುಗಿಸಿ
ನೂರು ಎಣಿಸಿ ತೆಗೆಯಬೇಕು.
ತೊಂಬತ್ತಕ್ಕೆ ತೆಗೆದರೆ ಬರೀ ಶರಬತ್ತು,
ನೂರಿಪ್ಪತ್ತಾದರೆ ಆಸ್ಪತ್ರೆ.
ಕಾಚಂಪುಳಿ ಎರಡು ಹನಿ.
ಮೂರನೆಯದು ಬಿತ್ತೋ, ನಾಲಗೆಗೆ ಹಂದಿಸಾರಿನ ನೆನಪಾಗಿ
ಕಡಂಬುಟ್ಟು ಎಲ್ಲಿ ಎಂದು ಕೇಳುತ್ತದೆ.

ಐದನೆಯದರ ಬಗ್ಗೆ ತಮ್ಮನಿಗೆ ಇವತ್ತಿಗೂ ಹೇಳಿಲ್ಲ.
ಸಿಹಿ ಹೆಚ್ಚಾಯಿತೆಂದು ಸಕ್ಕರೆ ಅರ್ಧಕ್ಕಿಳಿಸಿದ್ದೆ.
ಏಪ್ರಿಲ್ ಸೆಕೆ. ಅಲಮಾರಿಯ ಮೇಲಿಟ್ಟು ಮರೆತೆ.
ನಾಲ್ಕನೇ ದಿನ ಮಧ್ಯರಾತ್ರಿ ಬಿರಡೆ ತಾನಾಗಿ ಹಾರಿ
ಮಾಡಿಗೆ ಬಡಿಯಿತು. ದೀಪ ಹಾಕಿ ಬಗ್ಗಿ ಮೂಸಿದೆ.
ಅದೇ. ತಪ್ಪೇ ಇಲ್ಲ, ಅದೇ ವಾಸನೆ,
ಅವನ ಶರ್ಟುಗಳನ್ನು ಬೇರೆಯಾಗಿ ನೆನೆಹಾಕುತ್ತಿದ್ದ ವರ್ಷಗಳ ವಾಸನೆ.
ಯಾರೂ ಕಲಿಸದೆ, ಕತ್ತಲಲ್ಲಿ ಒಂಟಿಯಾಗಿ ಕೂತು
ಶುಂಠಿನೀರು ಹೆಂಡವಾಗುವುದನ್ನು ಕಲಿತಿತ್ತು.
ಬಚ್ಚಲಿಗೆ ಸುರಿದೆ,
ಮೇಲೆ ಎರಡು ಬಕೆಟ್ ನೀರು ಹೊಯ್ದೆ,
ಅವನ ಕೋಣೆಯ ಬಾಗಿಲಿಗೆ ಕಿವಿಯಿಟ್ಟು ನಿಂತೆ.
ಗೊರಕೆ.
ಗೊರಕೆ ಅಷ್ಟು ಹಿತವಾಗಿ ಕೇಳಿದ್ದು ಅದೇ ಮೊದಲು.

ಆರನೆಯದನ್ನು ನನ್ನ ಮಗ ದೋಸೆಗೆ ಹಚ್ಚಿಕೊಂಡು ಮುಗಿಸಿದ.

ಏಳನೆಯದಕ್ಕೆ ಸಕ್ಕರೆಯನ್ನೇ ಮೊದಲು ಬಾಣಲೆಯಲ್ಲಿ ಸುಟ್ಟೆ.
ಬಣ್ಣ ಜೇನಿನಿಂದ ಜಿಂಕೆಯ ಬೆನ್ನಿಗೆ ತಿರುಗುವಾಗ,
ಹೊಗೆಯೇಳುವ ಒಂದು ಕ್ಷಣ ಮುಂಚೆ,
ಬಿಸಿನೀರು ಹೊಯ್ಯಬೇಕು. ಬಾಣಲೆ ಬೈಯುತ್ತದೆ.
ಬೈಯಲಿ.

ಗೋಣಿಕೊಪ್ಪದಿಂದ ಪೊನ್ನಂಪೇಟೆಯವರೆಗೆ ಜೀಪಿನಲ್ಲಿ
ಸೀಸೆಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿಕೊಂಡೆ.
ಕಾಲು ಗ್ಲಾಸು ಪಾಕ, ಮುಕ್ಕಾಲು ಸೋಡಾ.
ವಾಲಗ ಶುರುವಾಗಿತ್ತು. ಬೆಳ್ಯಪ್ಪ
ಗಂಡಸರ ಗುಂಪಿನಲ್ಲಿ ಹೋಗಿ ನಿಂತ,
ಒಂದು ಕಾಲಿನ ಮೇಲೆ ಭಾರ ಬಿಟ್ಟು, ಮೊದಲಿನ ಹಾಗೆ.
ನಾನು ದೂರದಿಂದ ನೋಡುತ್ತಿದ್ದುದು ಗ್ಲಾಸನ್ನಲ್ಲ,
ಅವನ ಇನ್ನೊಂದು ಕೈಯನ್ನು.
ಅದು ಯಾರದೋ ಹೆಗಲ ಮೇಲಿತ್ತು.

ವಾಪಸು ಬರುವಾಗ ರಸ್ತೆ ನೋಡುತ್ತಲೇ ಅಂದ:
ಮುಂದಿನ ಸಲ ಸಿಹಿ ಒಂಚೂರು ಕಡಿಮೆ ಮಾಡಕ್ಕ.

ಎರಡು ತಿರುವು ದಾಟುವವರೆಗೆ ನಾನು ಮಾತಾಡಲಿಲ್ಲ.
ಆಮೇಲೆ ಹೇಳಿದೆ: ಕಡಿಮೆಯಾದರೆ ಅದು ನಿಲ್ಲೋದಿಲ್ಲ ಕಣೋ.
ಯಾಕೆ ಅಂತ ಅವನು ಕೇಳಲಿಲ್ಲ.
ಖಾಲಿ ಸೀಸೆಯ ತಳದಲ್ಲಿ
ತಪ್ಪಿಸಿಕೊಂಡ ಒಂದು ಮೆಣಸಿನ ಬೀಜ
ಅಂಟಿ ಕೂತಿತ್ತು.