ಇಪ್ಪತ್ತಕ್ಕೊಂದು ಗೀರು

ಸ್ಕೋರ್ ಎಷ್ಟಾಯ್ತು ಅಂತ ಕೂಗುತ್ತಾನೆ ಬೇಲಿಯಾಚೆ ಯಾರೋ.
ಕರಿಹಲಗೆಯ ಬಳಿ ಸೀಮೆಸುಣ್ಣ ಹಿಡಿದು ನಿಂತವನು ನಾನು:
ಎಂಟು ವಿಕೆಟ್ಟಿಗೆ ತೊಂಬತ್ತಾರು.
ಬೌಂಡರಿ ಗೆರೆಯ ಮೇಲೇ ಮೇಯುತ್ತಿವೆ ಕುರಿಗಳು.
ಈ ಮಾತು ಮೊದಲು ಅವುಗಳದ್ದು.

ನನ್ನ ಮುತ್ತಜ್ಜಿಯ ಅಜ್ಜಿ, ಡೈನಾ ಹೆಸ್ಕೆತ್,
ಕಂಬ್ರಿಯಾದ ಈ ಗುಡ್ಡದ ಕಲ್ಲುಗೋಡೆಯ ಕಿಂಡಿಯಲ್ಲಿ ನಿಂತು
ಎಣಿಸುತ್ತಿದ್ದಳಂತೆ: ಯಾನ್, ಟ್ಯಾನ್, ಟೆದರಾ...
ಜಿಗಿಟ್ ಎಂದರೆ ಇಪ್ಪತ್ತು.
ಅಲ್ಲಿಗೆ ಕೈಬೆರಳು ಕಾಲ್ಬೆರಳು ಮುಗಿದವು,
ಎಣಿಕೆಯ ಮಾತೂ ಮುಗಿಯಿತು.
ಕೋಲಿನ ಮೇಲೊಂದು ಗೀರು ಕೊರೆದು, ಮತ್ತೆ ಯಾನ್.
ಆ ಗೀರಿನ ಹೆಸರು ಸ್ಕೋರ್.
ಇಪ್ಪತ್ತಕ್ಕೂ ಅದೇ ಹೆಸರಾಯಿತು;
ಗಾಯಕ್ಕೊಂದು, ಲೆಕ್ಕಕ್ಕೊಂದು ಎಂದು
ಎರಡು ಮಾತು ಖರ್ಚು ಮಾಡುವ ಜನರಲ್ಲ ನಮ್ಮವರು.

ಒಂದು ಮಾರ್ಚ್, ಹಿಮ ಕರಗಿದ ಮೇಲೆ,
ಆರು ಗೀರಾಗಿ ಹದಿಮೂರಕ್ಕೆ ನಿಂತುಬಿಟ್ಟಿತು ಕಿಂಡಿ.
ಏಳನೆಯದಕ್ಕೆಂದು ಮರಕ್ಕೆ ತಾಗಿಸಿದ ಚಾಕು
ತಾಗಿಸಿಯೇ ಇಟ್ಟು ಕಾದಳು.
ಕೊರೆಯುವ ಚಳಿ.
ಕೊರೆಯದೆ ಉಳಿದ ಗೀರು.
ಏಳು ಕುರಿಗಳ ಕೊರೆ.
ಅವನ್ನು ಹುಡುಕಿ ಹೋಗಿದ್ದ ಗಂಡ ಸೈಲಸ್‌ನನ್ನು
ಯಾವ ಎಣಿಕೆಗೂ ಸೇರಿಸಲಿಲ್ಲ ಅವಳು.

ಫಾದರ್ಗಿಲ್‌ನ ಹೆಂಡದಂಗಡಿಯಲ್ಲಿ ಸೈಲಸ್‌ನ ಬಾಕಿಯಿತ್ತು.
ಉದ್ದಕ್ಕೆ ಸೀಳಿದ ಒಂದೇ ಕಡ್ಡಿ:
ಅರ್ಧ ಅಂಗಡಿಗೆ, ಅರ್ಧ ಕುಡಿದವನಿಗೆ,
ಪ್ರತಿ ಲೋಟಕ್ಕೂ ಎರಡನ್ನೂ ಜೋಡಿಸಿ ಒಂದೇ ಕೊರೆತ.
ಡೈನಾ ಸೆರಗುಬಟ್ಟೆಯೊಳಗಿಂದ ತನ್ನರ್ಧ ತೆಗೆದಳು.
ಅವನ ಹನ್ನೆರಡಕ್ಕೆ ಅವಳ ಹನ್ನೊಂದು.
ಹಳೆಯ ಗೀರುಗಳಲ್ಲಿ ಒಲೆಯ ಹೊಗೆ ಕೂತಿತ್ತು;
ಹನ್ನೆರಡನೆಯದು ಹಸಿ ಬಿಳುಪು.
ಅಂಗಡಿಗೆ ಅಂಗಡಿಯೇ ಸುಮ್ಮನಾಯಿತು.
ಹಳೇ ಸೇಡು ತೀರಿಸುವುದಕ್ಕೂ ಇಲ್ಲಿ ಸ್ಕೋರ್ ಎಂದೇ ಹೇಳುವುದು.

ಹನ್ನೊಂದರ ಕಾಸು ಎಣಿಸಿಟ್ಟು ಬೆಂಚಿನ ಮೇಲೆ ಕೂತಳು.
"ಇನ್ನೊಂದನ್ನು ಕೊರೆದಿದ್ದೀಯಲ್ಲ, ಅದನ್ನು ಈಗ ಬಗ್ಗಿಸು."
ತಳ ಕಾಣುವವರೆಗೆ ನಿಧಾನ ಕುಡಿದಳು.
ಅದರ ಕಾಸನ್ನೂ ಇಟ್ಟಳು.
ಆಮೇಲೆ ಚಾಕು ತೆಗೆದು
ತನ್ನರ್ಧಕ್ಕೂ ಒಂದು ಗೀರು ಹಾಕಿಕೊಂಡಳು, ಸರಿಹೋಗಲಿ ಅಂತ.

ಕುರಿ ಎಣಿಸಿದ ಆ ಕೋಲು ಈಗ
ಪೆವಿಲಿಯನ್ ಬೀಗದ ಕೈಗಳ ಜೊತೆ ನನ್ನ ಡ್ರಾಯರಿನಲ್ಲಿದೆ.
ಹೆಬ್ಬೆರಳು ಆರರವರೆಗೆ ಸಲೀಸಾಗಿ ಓದುತ್ತದೆ.
ಏಳನೆಯ ಜಾಗದಲ್ಲಿ ಚಾಕು ಒತ್ತಿದ ಸಣ್ಣ ತಗ್ಗು,
ಗೀರಲ್ಲ.
ಅದಕ್ಕೇನು ಹೆಸರೋ, ಯಾರೂ ಹೇಳಿಕೊಟ್ಟಿಲ್ಲ.

ಎಷ್ಟಯ್ಯಾ, ಕೇಳಿಸಲಿಲ್ಲ, ಎನ್ನುತ್ತಾನೆ ಬೇಲಿಯಾಚೆಯವನು.
ತೊಂಬತ್ತಾರು, ಎಂದು ಕೂಗುತ್ತೇನೆ.
ಒಂದು ಕುರಿ ತಲೆಯೆತ್ತಿ ನೋಡುತ್ತದೆ.