ಒಂದು ಕಣ್ಣಿಗೆ ಸುಣ್ಣ

ಫ್ಲ್ಯಾಟು ತೋರಿಸುವಾಗ ದಲಾಲಿ ಪರದೆ ಸರಿಸಿ
'ನೋಡಿ ಬಾಯಿ, ಗುಡ್ಡ' ಅಂದಿದ್ದ,
ಗುಡ್ಡವನ್ನೂ ತಾನೇ ಕಟ್ಟಿಸಿದವನ ಹಾಗೆ.
ಆ ಒಂದು ಮಾತಿಗೆ ಎರಡು ಲಕ್ಷ ಹೆಚ್ಚು ಕೊಟ್ಟೆವು.

ಪುಣೆಯ ಈ ತುದಿಗೆ ಕಾರ್ಪೊರೇಶನ್ ನೀರು ಬರೀ ವದಂತಿ.
ಕುಡಿಯಲು ಕ್ಯಾನು, ಮಿಕ್ಕಿದ್ದಕ್ಕೆಲ್ಲ ಬೋರು,
ಮಾರ್ಚ್ ದಾಟಿದರೆ ಬಾಳೂನ ಟ್ಯಾಂಕರು,
ಅದೂ ಬೋರೇ, ಬೇರೆ ಊರಿನದು.
ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ.
ಗೀಸರಿನ ಹೊಟ್ಟೆ ಬಿಚ್ಚಿದ ಮೆಕ್ಯಾನಿಕ್
ಕಲ್ಲು ಹಿಡಿದು ತೋರಿಸಿ ತಲೆಯಾಡಿಸಿದ,
ಮಾವನ ಎಕ್ಸ್‌ರೇ ನೋಡಿದ ಡಾಕ್ಟರನಂತೆಯೇ.

ಮೇಲಿನ ಮಹಡಿಯ ದಾಭಾಡೆ ಕಾಕೂ
ಬೆಳಿಗ್ಗೆ ಏಳಕ್ಕೆ ದಾಸವಾಳಕ್ಕೆ ನೀರು ಬಿಡುತ್ತಾರೆ.
ಕುಂಡ ಕುಡಿದು ಉಳಿದದ್ದು ನನ್ನ ಬಲಗಿಟಕಿಗೆ.
ಬಿಸಿಲು ಬಂದು ಹನಿಯ ನೀರಷ್ಟೇ ಕುಡಿದು
ಎಂಜಲು ಬಿಟ್ಟು ಹೋಗುತ್ತದೆ.
ಎಡಗಣ್ಣಿಗೆ ಬೆಣ್ಣೆ, ಬಲಗಣ್ಣಿಗೆ ಸುಣ್ಣ.
ಎರಡು ವರ್ಷಕ್ಕೆ ಪೊರೆ ಬೆಳೆದು
ಗುಡ್ಡ ಅರ್ಧವೇ ಉಳಿಯಿತು.

ಗಂಡ ರೇವಣ್ಣ ಬ್ಲೇಡು ತಂದ.
ಕಲೆ ಹೋಗಲಿಲ್ಲ, ಗೀರು ಬಂತು.
ತಾಮ್ರದ ಚೊಂಬಿಗೆ ಬುದ್ಧಿ ಕಲಿಸಿದ ಹುಣಸೆಹಣ್ಣನ್ನು
ನಾನೂ ಕಳಿಸಿ ನೋಡಿದೆ;
ಕಂದು ಬಣ್ಣ ಬಳಿದು ಸೋತು ಬಂತು.

ಕಡೆಗೆ ಬಿಳಿ ವಿನೆಗರು, ಹಳೇ ಧೋತರದ ತುಂಡು.
ತೋಯಿಸಿ ಗಾಜಿಗೆ ಅಂಟಿಸಿ ಕೂತೆ,
ಜ್ವರದ ಹಣೆಗೆ ಪಟ್ಟಿ ಹಾಕಿ ಕೂತ ಹಾಗೆ.
ಉಜ್ಜಬಾರದು. ಹುಳಿಗೆ ಹೊತ್ತು ಕೊಡಬೇಕು.
ಒಂದು ಚಹಾ, ಒಂದು ಫೋನು,
ಮನೆಯೆಲ್ಲ ಉಪ್ಪಿನಕಾಯಿ ಭರಣಿಯ ವಾಸನೆ.

ಅಲ್ಲಿ ಕೂತಾಗಲೇ ಹೊಳೆದದ್ದು:
ಈ ಬೋರು ಇಳಿದಿರುವುದು ಗುಡ್ಡದ ಬೇರಿಗೆ,
ಐನೂರು ಅಡಿ ಆಳಕ್ಕೆ.
ಕಲ್ಲೇ ಕರಗಿ, ಪೈಪು ಹತ್ತಿ, ಕುಂಡ ಹಾದು
ಹನಿಹನಿಯಾಗಿ ನನ್ನ ಗಾಜಿಗೆ ಬಂದು ಕೂತಿದೆ.
ಗುಡ್ಡ ಕಾಣಲೆಂದು ನಾನು
ಗುಡ್ಡವನ್ನೇ ಒರೆಸುತ್ತಿದ್ದೆ.

ಸಂಜೆ ಎರಡು ಪ್ಲಾಸ್ಟಿಕ್ ತಟ್ಟೆ ಹಿಡಿದು
ಜಗಳಕ್ಕೆ ಸಜ್ಜಾಗಿ ಮೇಲೆ ಹೋದೆ.
'ಅಯ್ಯೋ, ಕುಂಡದ ಕೆಳಗಿಡೋಣ ಬಾ' ಅಂದರು ಕಾಕೂ.
'ಶಿಂದೆಯವರ ಟಾಕಿ ತುಂಬಿ ನನ್ನ ಕಿಟಕಿ ಹಾಳಾಗಿದೆ,
ವರ್ಷದಿಂದ ಬೈಯ್ತಿದ್ದೀನಿ, ಮನಸ್ಸಿನಲ್ಲೇ.
ಅದೇನು ಹಚ್ಚಿದೆ ಅಂದೆ? ಎಷ್ಟು ಹೊತ್ತು?'
ಉಳಿದ ಅರ್ಧ ಬಾಟಲಿ ಅಲ್ಲೇ ಬಿಟ್ಟು ಬಂದೆ.

ಮೊಳೆಗೆ ಈಗ ರಬ್ಬರ್ ಪಟ್ಟಿ ತೂಗುತ್ತದೆ.
ತಪ್ಪಿ ಒಂದು ಹನಿ ಬಿದ್ದರೂ
ಬಿಸಿಲಿಗಿಂತ ಮೊದಲು ನಾನು ಎಳೆದು ಬಿಡುತ್ತೇನೆ,
ಕಿರ್ ಅನ್ನುತ್ತದೆ ಗಾಜು, ಬೆಕ್ಕಿನ ಮರಿಯ ಹಾಗೆ.

ಇನ್ನು ಗುಡ್ಡ.
ಬಲಗಡೆ ಅದು ಇಲ್ಲವೇ ಇಲ್ಲ.
ಕಡಿದ ಕೆಂಪು ಗೋಡೆ, ಹಳದಿ ಜೇಸಿಬಿ, ಸಾಲಾಗಿ ಲಾರಿ.
ಎಂದಿನಿಂದಲೋ ತಿಳಿಯದು,
ನಾನು ಸುಣ್ಣವನ್ನೇ ಬೈಯುತ್ತಿದ್ದೆ.

ರೇವಣ್ಣನ ಬ್ಲೇಡಿನ ಗೀರು ಹೋಗಿಲ್ಲ.
ಕುರ್ಚಿಯಲ್ಲಿ ಸ್ವಲ್ಪ ತಗ್ಗಿ ಕೂತರೆ
ತುದಿ ಇದ್ದ ಜಾಗಕ್ಕೆ ಸರಿಯಾಗಿ ಬರುತ್ತದೆ.